ಏಳು ಲೀಟರಿನ ಕ್ಯಾಬಿನೆಟ್: ಅಳತೆ, ಗಾಳಿ, ತಗಡು

(ಹವ್ಯಾಸಿಗಳೂ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ್ದ ನಕ್ಷೆಗಳಿಗೆ ಬದಲಾಗಿ ಇಲ್ಲಿ ಅಳತೆಗಳನ್ನು ಮಾತಿನಲ್ಲೇ ಕೊಟ್ಟಿದೆ.)

ಸಭಿಕರೇ,

ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ನಾವೇ ವಿನ್ಯಾಸ ಮಾಡಿ ಕಟ್ಟುವುದೆಂದರೆ, ಮೊದಲು ಮನಸ್ಸಿಗೆ ಒಪ್ಪುವ ಒಂದು ಪೆಟ್ಟಿಗೆಯ ಚಿತ್ರ ಬರೆದು, ಆಮೇಲೆ ಅದರೊಳಗೆ ಭಾಗಗಳನ್ನು ಹೇಗಾದರೂ ಹೊಂದಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಹೀಗೆ ಮಾಡಿದರೂ ನಡೆದುಹೋಗುತ್ತದೆ. ಹೊರ ಅಳತೆಗಳನ್ನು ಗುಣಿಸಿದಾಗ ಬರುವ ಗಾತ್ರ ಹತ್ತು ಲೀಟರಿಗಿಂತ ಚಿಕ್ಕದಾದ ಕ್ಯಾಬಿನೆಟ್ಟಿನಲ್ಲಿ ಮಾತ್ರ ಹೊರಗೋಡೆಯನ್ನು ಕೊನೆಗೆ ಬರೆಯಬೇಕು. ಮೊದಲು ಬರೆಯಬೇಕಾದದ್ದು ಒಳಗಿನ ಖಾಲಿ ಜಾಗವನ್ನು. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ತಂತಿಗಳ ಕಟ್ಟು ಎಲ್ಲಿ ಬಾಗುತ್ತದೆ, ಸ್ಕ್ರೂಡ್ರೈವರ್ ಹಿಡಿದ ಕೈ ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ತೀರ್ಮಾನವಾದ ಮೇಲೆ ಗೋಡೆಗಳ ಜಾಗ ತಾನಾಗಿಯೇ ಗೊತ್ತಾಗುತ್ತದೆ. ಇಂದಿನ ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತಲಿನದು.

ನಮ್ಮ ಕೈಯಲ್ಲಿಲ್ಲದ ಅಳತೆಗಳಿಂದ ಪ್ರಾರಂಭಿಸೋಣ. ಇಂಟೆಲ್ ಕಂಪನಿ 1995ರಲ್ಲಿ ಎಟಿಎಕ್ಸ್ ಮಾದರಿಯನ್ನು ತಂದಾಗ ಪೂರ್ಣ ಗಾತ್ರದ ಮದರ್‌ಬೋರ್ಡಿಗೆ 305 × 244 ಮಿ.ಮೀ. ಅಳತೆಯನ್ನು ಗೊತ್ತುಮಾಡಿತು. 2001ರಲ್ಲಿ ತೈವಾನಿನ ವಿಯಾ ಟೆಕ್ನಾಲಜೀಸ್ 170 × 170 ಮಿ.ಮೀ. ಅಳತೆಯ ಮಿನಿ ಐಟಿಎಕ್ಸ್ ಮಾದರಿಯನ್ನು ಪ್ರಕಟಿಸಿತು. ವಿಯಾದ ಗಮನವಿದ್ದದ್ದು ಕಡಿಮೆ ವಿದ್ಯುತ್ತಿನಲ್ಲಿ ಓಡುವ ತನ್ನದೇ ಪ್ರೊಸೆಸರುಗಳ ಮೇಲೆ. ಅದೇ ಚೌಕದ ಮೇಲೆ ಇತರ ತಯಾರಕರು ಮುಂದೆ ಪೂರ್ಣ ಪ್ರಮಾಣದ ಡೆಸ್ಕ್‌ಟಾಪ್ ಪ್ರೊಸೆಸರನ್ನು ಕೂರಿಸಿದ್ದರಿಂದಲೇ ಇಂದಿನ ಚಿಕ್ಕ, ಶಕ್ತಿಶಾಲಿ ಕಂಪ್ಯೂಟರುಗಳು ಸಾಧ್ಯವಾದವು. ಈ ಬೋರ್ಡಿನ ನಾಲ್ಕು ಸ್ಕ್ರೂ ತೂತುಗಳು ಎಟಿಎಕ್ಸ್ ತೂತುಗಳ ಪೈಕಿಯವೇ ಆಗಿವೆ. ಆದ್ದರಿಂದಲೇ ಅವು ಚೌಕದ ನಾಲ್ಕು ಮೂಲೆಗಳಲ್ಲಿ ಸಮನಾಗಿ ಕೂತಿಲ್ಲ. ಒಂದು ತೂತು ತನ್ನ ಸಾಲಿನಿಂದ 22.86 ಮಿ.ಮೀ. ಸರಿದು ನಿಂತಿದೆ. ಹಿಂಬದಿಯ ಕನೆಕ್ಟರುಗಳಿಗಾಗಿ ಬಿಡಬೇಕಾದ ಕಿಂಡಿ 158.75 × 44.45 ಮಿ.ಮೀ. ಕಾರ್ಡುಗಳ ಸ್ಲಾಟಿನಿಂದ ಸ್ಲಾಟಿಗೆ ಇರುವ ಅಂತರ 20.32 ಮಿ.ಮೀ. ಮಿಲಿಮೀಟರಿನಲ್ಲಿ ವಿಚಿತ್ರವಾಗಿ ಕಾಣುವ ಈ ಅಂಕಿಗಳು ಇಂಚಿನಲ್ಲಿ ಬರೆದರೆ ಸರಳವಾದವು: ಆರೂಕಾಲು, ಒಂದೂಮುಕ್ಕಾಲು, ಸೊನ್ನೆ ದಶಾಂಶ ಎಂಟು. ನಕ್ಷೆ ಬರೆಯುವವರು ಲೆಕ್ಕ ಸುಲಭವಾಗಲೆಂದು 20.32 ಅನ್ನು 20 ಮಾಡಿಕೊಂಡರೆ, ಕಾರ್ಡಿನ ಪಟ್ಟಿ ಕಿಂಡಿಯ ಅಂಚಿಗೆ ಉಜ್ಜಲು ಅಷ್ಟೇ ಸಾಕು.

ಇನ್ನು ಆಯ್ಕೆ ನಮ್ಮದೇ ಆಗಿರುವ ಭಾಗಗಳಲ್ಲಿ ಮೊದಲನೆಯದು ಎಸ್‌ಎಂಪಿಎಸ್, ಅಂದರೆ ಗೋಡೆಯ ಸಾಕೆಟ್ಟಿನ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಮಾರ್ಪಡಿಸಿ ಕೊಡುವ ಪೆಟ್ಟಿಗೆ. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್‌ನ ಅಳತೆ 150 × 140 × 86 ಮಿ.ಮೀ., ಅಂದರೆ ಸುಮಾರು 1.8 ಲೀಟರ್. ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಮಾದರಿಯದು 125 × 100 × 63.5 ಮಿ.ಮೀ., ಅಂದರೆ 0.8 ಲೀಟರಿಗೂ ತುಸು ಕಡಿಮೆ. ಈ ಒಂದು ತೀರ್ಮಾನದಲ್ಲೇ ಒಂದು ಲೀಟರ್ ಉಳಿಯಿತು. ಇನ್ನೂ ತೆಳ್ಳಗಿನ ಫ್ಲೆಕ್ಸ್ ಎಟಿಎಕ್ಸ್ ಮಾದರಿಯ ದಪ್ಪ ಕೇವಲ 40.5 ಮಿ.ಮೀ.; ಆದರೆ ಅದರೊಳಗೆ ಕೂರುವುದು 40 ಮಿ.ಮೀ. ಫ್ಯಾನ್ ಮಾತ್ರ, ಮತ್ತು ಆ ಗಾತ್ರದ ಫ್ಯಾನು ಬೇಕಾದಷ್ಟು ಗಾಳಿ ತಳ್ಳಲು ಕಿರುಚುತ್ತಲೇ ತಿರುಗಬೇಕಾಗುತ್ತದೆ. ಓದುವ ಕೋಣೆಯ ಮೇಜಿನ ಮೇಲಿಡುವ ಕಂಪ್ಯೂಟರಿಗೆ ನಾನದನ್ನು ಶಿಫಾರಸು ಮಾಡುವುದಿಲ್ಲ.

ಈಗ ಒಂದು ನಿಜವಾದ ಉದಾಹರಣೆಯನ್ನು ಬಿಡಿಸಿ ನೋಡೋಣ. ಜರ್ಮನಿಯ ಡೇನಿಯಲ್ ಹ್ಯಾನ್ಸನ್ ಎಂಬ ವಿನ್ಯಾಸಕಾರ ರೂಪಿಸಿದ ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಎಂಬ ಕ್ಯಾಬಿನೆಟ್ಟಿಗೆ 2016ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಬಂಡವಾಳ ಕೂಡಿತು. ತೈವಾನಿನ ಲಿಯಾನ್ ಲಿ ಕಂಪನಿ ಅದನ್ನು ಅಲ್ಯೂಮಿನಿಯಮ್ಮಿನಲ್ಲಿ ತಯಾರಿಸಿಕೊಟ್ಟಿತು. ಅದರ ಹೊರ ಅಳತೆ 200 × 115 × 317 ಮಿ.ಮೀ., ಗಾತ್ರ 7.3 ಲೀಟರಿಗಿಂತ ಕೊಂಚ ಕಡಿಮೆ. ಸಾಮಾನ್ಯ ಟವರ್ ಕ್ಯಾಬಿನೆಟ್ಟುಗಳು 40 ಲೀಟರಿನ ಆಸುಪಾಸಿನಲ್ಲಿರುವುದನ್ನು ನೆನೆದರೆ ಇದು ಎಷ್ಟು ಚಿಕ್ಕದೆಂಬುದು ತಿಳಿದೀತು. ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡು ಮದರ್‌ಬೋರ್ಡಿನ ಮೇಲೆ ಲಂಬವಾಗಿ ನಿಲ್ಲುತ್ತದೆಯಷ್ಟೆ. ಈ ವಿನ್ಯಾಸದಲ್ಲಿ ಮಧ್ಯೆ ಒಂದು ತಗಡಿನ ಗೋಡೆಯಿದ್ದು, ಅದರ ಒಂದು ಬದಿಗೆ ಮದರ್‌ಬೋರ್ಡು, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ; ಎರಡನ್ನೂ ಜೋಡಿಸುವುದು ರೈಸರ್ ಎಂಬ ಬಾಗುವ ಪಟ್ಟಿ. ಎಸ್‌ಎಂಪಿಎಸ್ ಮದರ್‌ಬೋರ್ಡಿನ ಮುಂದೆ ಅದೇ ಸಾಲಿನಲ್ಲಿದೆ.

ಈ 7.3 ಲೀಟರಿನಲ್ಲಿ ಭಾಗಗಳು ತಿನ್ನುವ ಜಾಗ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಎಸ್‌ಎಂಪಿಎಸ್ 0.8 ಲೀಟರ್. ಮದರ್‌ಬೋರ್ಡನ್ನು ಗೋಡೆಯಿಂದ ಎತ್ತಿ ಹಿಡಿಯುವ ಪುಟ್ಟ ಗುಬುಟಿನಿಂದ, ಪ್ರೊಸೆಸರಿನ ಮೇಲೆ ಕೂತು ಅದನ್ನು ತಂಪಾಗಿಡುವ ಕೂಲರಿನ ತುದಿಯವರೆಗೆ 63 ಮಿ.ಮೀ. ಎತ್ತರದ ಒಂದು ಚೌಕದ ದಿಮ್ಮಿಯೆಂದುಕೊಂಡರೆ 1.8 ಲೀಟರ್. ಎರಡು ಸ್ಲಾಟ್ ದಪ್ಪದ, 270 ಮಿ.ಮೀ. ಉದ್ದದ ಗ್ರಾಫಿಕ್ಸ್ ಕಾರ್ಡು 1.2 ಲೀಟರ್. ಒಟ್ಟು 3.8. ಅಂದರೆ ಜಗತ್ತಿನ ಅತಿ ಬಿಗಿಯಾದ ಕ್ಯಾಬಿನೆಟ್ಟುಗಳ ಸಾಲಿಗೆ ಸೇರುವ ಇದರಲ್ಲೂ ಸುಮಾರು ಅರ್ಧ ಭಾಗ ತಂತಿ, ರೈಸರ್, ಗೋಡೆ ಮತ್ತು ಗಾಳಿಯ ಪಾಲಿಗೆ ಹೋಗಿದೆ. ಈ ಅರ್ಧವನ್ನು ಎಲ್ಲೆಲ್ಲಿ ಹಂಚಿದರು ಎಂಬುದರಲ್ಲೇ ವಿನ್ಯಾಸಕಾರನ ಜಾಣ್ಮೆಯೆಲ್ಲ ಇದೆ. ಅದೇ ಕಾಲದ ಇನ್ನೊಂದು ಹೆಸರಾಂತ ಕ್ಯಾಬಿನೆಟ್ಟಾದ ಎನ್‌ಕೇಸ್ ಎಂ1 ಹಳೆಯ ಲಂಬ ಜೋಡಣೆಯನ್ನೇ ಉಳಿಸಿಕೊಂಡು 12.6 ಲೀಟರಿನಲ್ಲಿ ನಿಂತಿತು. ಅದರ ಪ್ರತಿಫಲವಾಗಿ ರೈಸರಿನ ಗೊಡವೆ ತಪ್ಪಿತು, ಪಕ್ಕದಲ್ಲಿ ಎರಡು 120 ಮಿ.ಮೀ. ಫ್ಯಾನುಗಳಿಗೆ ಜಾಗವಾಯಿತು. ಮೊದಲ ಸಲ ಕಟ್ಟುವವರು ಇಂತಹ 12–13 ಲೀಟರಿನ ಗುರಿ ಇಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಏಳು ಲೀಟರಿಗೆ ಇಳಿದಾಗ ಕ್ಷಮಿಸುವ ಗುಣ ಅಳತೆಗಳಲ್ಲಿ ಉಳಿದಿರುವುದಿಲ್ಲ.

ದಪ್ಪದ ಲೆಕ್ಕವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ನಕ್ಷೆಗಳು ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಮಧ್ಯದ ಗೋಡೆಯಿಂದ ಬೋರ್ಡನ್ನು ಎತ್ತಿ ಹಿಡಿಯುವ ಗುಬುಟಿನ ಎತ್ತರ ಸಾಮಾನ್ಯವಾಗಿ 6.35 ಮಿ.ಮೀ., ಬೋರ್ಡಿನ ದಪ್ಪ 1.6 ಮಿ.ಮೀ. ಬೋರ್ಡಿನ ಮೇಲ್ಮೈಯಿಂದ ಪ್ರೊಸೆಸರಿನ ಲೋಹದ ಮುಚ್ಚಳದವರೆಗೆ ಸಾಕೆಟ್ಟಿಗೆ ತಕ್ಕಂತೆ ಸುಮಾರು 7ರಿಂದ 8 ಮಿ.ಮೀ. ಕೂಲರಿನ ಎತ್ತರವೆಂದು ತಯಾರಕರು ಬರೆಯುವ ಅಂಕಿ ಈ ಮುಚ್ಚಳದ ಮೇಲಿಂದ ಶುರುವಾಗುವಂಥದ್ದು, ಬೋರ್ಡಿನಿಂದಲ್ಲ. 37 ಮಿ.ಮೀ. ಕೂಲರೆಂದರೆ ಮಧ್ಯದ ಗೋಡೆಯಿಂದ 52 ಮಿ.ಮೀ. ದಾಟಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಮೇಲಿನಿಂದ ಗಾಳಿ ಎಳೆಯುವ ಫ್ಯಾನು ಜಾಲರಿಗೆ ತೀರ ಹತ್ತಿರವಾದರೆ ಗುಂಯ್‌ಗುಡುತ್ತದೆ, ದೂರವಾದರೆ ತಾನೇ ಬಿಟ್ಟ ಬಿಸಿ ಗಾಳಿಯನ್ನು ಪಕ್ಕದಿಂದ ಮತ್ತೆ ಎಳೆದುಕೊಳ್ಳುತ್ತದೆ. ಎರಡು–ಮೂರು ಮಿ.ಮೀ. ಬಿಟ್ಟು, ಫ್ಯಾನಿನ ಅಂಚಿನಿಂದ ಜಾಲರಿಯವರೆಗೆ ಮೆತ್ತನೆಯ ಫೋಮ್ ಪಟ್ಟಿಯೊಂದನ್ನು ಸುತ್ತಿ ಅಂಟಿಸುವುದು ಇದಕ್ಕಿರುವ ಸರಳ ಪರಿಹಾರ. ಅನೇಕ ಮಿನಿ ಐಟಿಎಕ್ಸ್ ಬೋರ್ಡುಗಳ ಬೆನ್ನಿನಲ್ಲೂ ಒಂದು ಎಂ.2 ಎಸ್‌ಎಸ್‌ಡಿ (ಕಡತಗಳನ್ನು ಸಂಗ್ರಹಿಸುವ ತೆಳ್ಳನೆಯ ಪಟ್ಟಿ) ಕೂರುತ್ತದೆ. ಗುಬುಟಿನ ಆ ಆರೂಚಿಲ್ಲರೆ ಮಿ.ಮೀ.ಗಳಲ್ಲಿ ಗಾಳಿಯೇ ಆಡದಿರುವುದರಿಂದ, ಅದರ ನೇರಕ್ಕೆ ಮಧ್ಯದ ಗೋಡೆಯಲ್ಲಿ ಕಿಂಡಿ ಬಿಡಬೇಕು, ಇಲ್ಲವೇ ಶಾಖ ದಾಟಿಸುವ ಪ್ಯಾಡ್ ಇಟ್ಟು ಗೋಡೆಯನ್ನೇ ಅದಕ್ಕೆ ಹೀಟ್‌ಸಿಂಕ್ ಮಾಡಬೇಕು.

ತಂತಿಗಳ ವಿಷಯ. ಕ್ಯಾಡ್ ನಕ್ಷೆಯಲ್ಲಿ ತಂತಿಗಳನ್ನು ಯಾರೂ ಬರೆಯುವುದಿಲ್ಲ, ಹೀಗಾಗಿ ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವೂ ಸಲೀಸಾಗಿ ಹೊಂದಿಕೊಂಡಿರುತ್ತದೆ. ಇಪ್ಪತ್ನಾಲ್ಕು ಪಿನ್ನಿನ ಕಟ್ಟು ಬಾಗಲು ಒಪ್ಪದ ಗಟ್ಟಿ ಹಗ್ಗದ ಹಾಗಿರುತ್ತದೆ. ಅದು ಎಸ್‌ಎಂಪಿಎಸ್‌ನಿಂದ ಹೊರಟು ತಿರುಗಿ ಬೋರ್ಡಿಗೆ ಸೇರುವ ತಿರುವನ್ನು ಒಂದು ದಿಮ್ಮಿಯಾಗಿ ನಕ್ಷೆಯಲ್ಲೇ ಬರೆದು ಜಾಗ ಕಾಯ್ದಿರಿಸಬೇಕು. ಹೊಸ ಗ್ರಾಫಿಕ್ಸ್ ಕಾರ್ಡುಗಳಲ್ಲಿರುವ 12 ವೋಲ್ಟಿನ ಹದಿನಾರು ಪಿನ್ ಕನೆಕ್ಟರಿನ ತಂತಿಯನ್ನು ತುದಿಯಿಂದ ಸುಮಾರು 35 ಮಿ.ಮೀ.ವರೆಗೆ ಬಗ್ಗಿಸಬಾರದೆಂಬ ಸಲಹೆಯಿದೆ. ಸರಿಯಾಗಿ ಕೂರದ, ಎಳೆತಕ್ಕೆ ಸಿಕ್ಕಿದ ಕನೆಕ್ಟರುಗಳು ಕರಗಿದ ನಿದರ್ಶನಗಳಿರುವುದರಿಂದ ಆ ಸಲಹೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಂತಿಗಳನ್ನು ಕತ್ತರಿಸಿ ಗಿಡ್ಡ ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ: ಕಳಚಬಹುದಾದ ತಂತಿಗಳ ಎಸ್‌ಎಂಪಿಎಸ್‌ಗಳಲ್ಲಿ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತದೆ. ಕನೆಕ್ಟರು ಕೂತಿತೆಂದ ಮಾತ್ರಕ್ಕೆ ತಂತಿ ಸರಿಯಾದದ್ದೆಂದು ಅರ್ಥವಲ್ಲ. ಮಲ್ಟಿಮೀಟರಿನಿಂದ ಒಂದೊಂದು ಪಿನ್ನನ್ನೂ ನೋಡಿಯೇ ಬೋರ್ಡಿಗೆ ಹಾಕಬೇಕು.

ರೈಸರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕದ ಮೂರನೆಯ ಪೀಳಿಗೆಯಲ್ಲಿ ಪ್ರತಿ ಸಾಲಿನಲ್ಲಿ ಸೆಕೆಂಡಿಗೆ 8 ಗಿಗಾ ವರ್ಗಾವಣೆಗಳಿದ್ದವು, ನಾಲ್ಕನೆಯದರಲ್ಲಿ 16, ಐದನೆಯದರಲ್ಲಿ 32. ವೇಗ ಇಮ್ಮಡಿಸಿದಂತೆಲ್ಲ ಪಟ್ಟಿಯ ಉದ್ದಕ್ಕೂ ಮಡಿಕೆಗೂ ಸಂಕೇತ ಹೆಚ್ಚು ಸೂಕ್ಷ್ಮವಾಗುತ್ತದೆ. ಹಳೆಯ ರೈಸರಿನೊಂದಿಗೆ ಪರದೆ ಕಪ್ಪಾಗುತ್ತಿದ್ದರೆ ಬಯೋಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ, ಒಂದು ಪೀಳಿಗೆ ಕೆಳಗಿಳಿಸಿ ನೋಡುವುದು ಮೊದಲ ಪರೀಕ್ಷೆ.

ಈಗ ಶಾಖಕ್ಕೆ ಬರೋಣ. ಕಂಪ್ಯೂಟರಿಗೆ ಹೋದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಹೊರಬರಬೇಕು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1200 ಜೂಲ್ ಬೇಕೆಂಬ ಒಂದೇ ಅಂಕಿಯಿಂದ ನಮಗೆ ಬೇಕಾದ ಲೆಕ್ಕವೆಲ್ಲ ಸಿಗುತ್ತದೆ. ಯಂತ್ರ 300 ವ್ಯಾಟ್ ತಿನ್ನುತ್ತಿದ್ದು, ಸೆಕೆಂಡಿಗೆ 25 ಲೀಟರ್ ಗಾಳಿ ಹಾದುಹೋಗುತ್ತಿದ್ದರೆ, ಒಳಗೆ ಬಂದ ಗಾಳಿ ಹತ್ತು ಡಿಗ್ರಿ ಬಿಸಿಯಾಗಿ ಹೊರಡುತ್ತದೆ. ಅಡೆತಡೆಯಿಲ್ಲದಿದ್ದಾಗ ಒಂದು ಒಳ್ಳೆಯ 120 ಮಿ.ಮೀ. ಫ್ಯಾನ್ ಕೊಡುವುದು ಸರಿಸುಮಾರು ಇಷ್ಟೇ ಗಾಳಿಯನ್ನು. ಜಾಲರಿ, ಧೂಳಿನ ಫಿಲ್ಟರ್, ತಂತಿಗಳು ಅಡ್ಡ ಬಂದಾಗ ಅದು ಅರ್ಧಕ್ಕೂ ಇಳಿಯಬಹುದು, ಆಗ ಹತ್ತು ಡಿಗ್ರಿ ಇಪ್ಪತ್ತಾಗುತ್ತದೆ. ಬೆಂಗಳೂರಿನ ನಾವು ಇದಕ್ಕೊಂದು ಚಿಕ್ಕ ತಿದ್ದುಪಡಿ ಮಾಡಿಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ, ಹಾಗಾಗಿ ಅಷ್ಟೇ ಗಾಳಿ ಅಷ್ಟೇ ಶಾಖ ಹೊರುವುದಿಲ್ಲ. ಆದರೂ ನಮ್ಮ ಕೋಣೆಯ ಗಾಳಿಯೇ ತಂಪಾಗಿರುವುದರಿಂದ ಲಾಭ ನಮ್ಮದೇ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 40 ದಾಟಿರುವಾಗ ಇದೇ ಪೆಟ್ಟಿಗೆಯನ್ನು ಓಡಿಸುವವರು ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಬೇಕು.

ಅಲ್ಯೂಮಿನಿಯಮ್ ಕ್ಯಾಬಿನೆಟ್ ತಾನಾಗಿಯೇ ತಂಪಾಗಿರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಉಕ್ಕಿಗಿಂತ ಅಲ್ಯೂಮಿನಿಯಮ್ ಶಾಖವನ್ನು ಹೆಚ್ಚು ಚೆನ್ನಾಗಿ ಸಾಗಿಸುವುದು ನಿಜವಾದರೂ, ಪ್ರೊಸೆಸರಿನ ಶಾಖ ಗೋಡೆಯನ್ನು ಮುಟ್ಟುವ ದಾರಿಯೇ ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಇರುವುದಿಲ್ಲ. ನಡುವೆ ಗಾಳಿಯಿದೆ, ಗಾಳಿ ಶಾಖ ಸಾಗಿಸುವುದರಲ್ಲಿ ಬಹಳ ಕಳಪೆ. ಶಾಖ ಕೊಳವೆಗಳಿಂದ ಪ್ರೊಸೆಸರನ್ನು ದಪ್ಪ ಗೋಡೆಗೇ ಜೋಡಿಸುವ, ಫ್ಯಾನೇ ಇಲ್ಲದ ವಿನ್ಯಾಸಗಳಲ್ಲಿ ಮಾತ್ರ ಲೋಹದ ಆಯ್ಕೆ ಶಾಖದ ಪ್ರಶ್ನೆಯಾಗುತ್ತದೆ. ಉಳಿದೆಡೆ ಅದು ತೂಕದ, ಮಡಿಕೆಯ ಮತ್ತು ಹಣದ ಪ್ರಶ್ನೆ.

ಲೋಹಕ್ಕಿಂತ ತೂತುಗಳೇ ಮುಖ್ಯ. ಜೇನುಗೂಡಿನ ಕ್ರಮದಲ್ಲಿ ಸಾಲುಸಾಲಾಗಿ ಕೊರೆದ ದುಂಡು ತೂತುಗಳಲ್ಲಿ ತೆರೆದಿರುವ ಪಾಲು, ತೂತಿನ ವ್ಯಾಸವನ್ನು ತೂತುಗಳ ಅಂತರದಿಂದ ಭಾಗಿಸಿ, ವರ್ಗ ಮಾಡಿ, 0.907ರಿಂದ ಗುಣಿಸಿದಷ್ಟು. ಐದು ಮಿ.ಮೀ. ಅಂತರದಲ್ಲಿ ಮೂರು ಮಿ.ಮೀ. ತೂತುಗಳಿದ್ದರೆ ತಗಡಿನ ಶೇ. 33ರಷ್ಟು ಮಾತ್ರ ತೆರೆದಿರುತ್ತದೆ. ಅದೇ ಅಂತರದಲ್ಲಿ ನಾಲ್ಕು ಮಿ.ಮೀ. ತೂತು ಕೊರೆದರೆ ಶೇ. 58. ಕಣ್ಣಿಗೆ ಎರಡೂ ಒಂದೇ ಬಗೆಯ ಜಾಲರಿಗಳು, ಗಾಳಿಗೆ ಮಾತ್ರ ಬೇರೆ ಬೇರೆ. 300 × 190 ಮಿ.ಮೀ.ನ ಪಕ್ಕದ ಹಲಗೆಯೊಂದಕ್ಕೆ ಹೀಗೆ ಎರಡೂವರೆ ಸಾವಿರಕ್ಕೂ ಹೆಚ್ಚು ತೂತುಗಳು ಬೇಕಾಗುತ್ತವೆ, ಮತ್ತು ಲೇಸರ್ ಯಂತ್ರ ಪ್ರತಿ ತೂತಿಗೂ ಒಮ್ಮೆ ನಿಂತು ತಗಡನ್ನು ಭೇದಿಸಬೇಕಾದ್ದರಿಂದ ಬಿಲ್ಲಿನಲ್ಲಿ ತೂತುಗಳದ್ದೇ ದೊಡ್ಡ ಪಾಲಾಗುತ್ತದೆ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ತೂತಿನ ತಗಡನ್ನು ಕತ್ತರಿಸಿ, ಚೌಕಟ್ಟಿಗೆ ರಿವೆಟ್ ಹೊಡೆಯುವುದು ಅಗ್ಗದ ದಾರಿ. ನೋಡಲು ತುಸು ಒರಟಾದರೂ ನನಗೆ ಅದೇ ಇಷ್ಟ.

ತಗಡಿನ ಕೆಲಸಕ್ಕೆ ಬೆಂಗಳೂರಿಗರು ಪೀಣ್ಯದ ಕಡೆ ಹೋಗುತ್ತಾರೆ. ಲೇಸರ್ ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗ್ ಎಲ್ಲವೂ ಅಲ್ಲಿ ಅಕ್ಕಪಕ್ಕದ ಬೀದಿಗಳಲ್ಲೇ ನಡೆಯುತ್ತವೆ. ಆದರೆ ಒಂದೇ ಒಂದು ಪೆಟ್ಟಿಗೆ ಮಾಡಿಸಿಕೊಳ್ಳುವ ಗಿರಾಕಿಯನ್ನು ನೂರಾರು ಬಿಡಿಭಾಗಗಳ ಆರ್ಡರುಗಳ ನಡುವೆ ವಿಚಾರಿಸಿಕೊಳ್ಳಬೇಕಾದರೆ ನಮ್ಮ ನಕ್ಷೆ ಪ್ರಶ್ನೆಗೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿರಬೇಕು. ಬಿಡಿಸಿದ ಚಪ್ಪಟೆ ರೂಪದ ಡಿಎಕ್ಸ್‌ಎಫ್ ಕಡತ, ಮಡಿಕೆಯ ಗೆರೆಗಳು, ಪ್ರತಿ ಮಡಿಕೆಯ ದಿಕ್ಕು ಮತ್ತು ಕೋನ, ಮಡಿಸಿದ ಮೇಲೆ ಬರಬೇಕಾದ ಹೊರ ಅಳತೆ, ಇವಿಷ್ಟೂ ಒಂದೇ ಹಾಳೆಯಲ್ಲಿರಲಿ. ಉಚಿತವಾಗಿ ದೊರೆಯುವ ಫ್ರೀಕ್ಯಾಡ್ ತಂತ್ರಾಂಶದಲ್ಲಿ ತಗಡಿನ ಕೆಲಸಕ್ಕೆಂದೇ ಇರುವ ಸೇರ್ಪಡೆಯನ್ನು ಹಾಕಿಕೊಂಡರೆ ಈ ಬಿಡಿಸುವ ಕೆಲಸ ಅದೇ ಮಾಡಿಕೊಡುತ್ತದೆ.

ಬಿಡಿಸುವ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ತಿಳಿದಿರುವುದು ಮೇಲು. ತಗಡನ್ನು ಮಡಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗದ, ಕುಗ್ಗದ ಪದರ ನಡುವೆ ಎಲ್ಲೋ ಇರುತ್ತದೆ. ಆ ಪದರದ ಜಾಗವನ್ನು ದಪ್ಪದ ಪಾಲಾಗಿ ಹೇಳುವ ಅಂಕಿಗೆ ಕೆ ಫ್ಯಾಕ್ಟರ್ ಎನ್ನುತ್ತಾರೆ. ಒಂದೂವರೆ ಮಿ.ಮೀ. ತಗಡು, ಒಳ ತಿರುವಿನ ತ್ರಿಜ್ಯ ಒಂದೂವರೆ ಮಿ.ಮೀ., ಕೆ ಫ್ಯಾಕ್ಟರ್ 0.44 ಎಂದಿಟ್ಟುಕೊಂಡರೆ, 90 ಡಿಗ್ರಿಯ ಒಂದು ಮಡಿಕೆಗೆ ಹೊರ ಅಳತೆಗಳ ಮೊತ್ತದಿಂದ 2.61 ಮಿ.ಮೀ. ಕಳೆಯಬೇಕಾಗುತ್ತದೆ. ಅಗಲ 115 ಮಿ.ಮೀ., ಎರಡೂ ಬದಿಗೆ 30 ಮಿ.ಮೀ. ಕಿವಿಯಿರುವ ತೊಟ್ಟಿಯಂತಹ ಭಾಗಕ್ಕೆ ಚಪ್ಪಟೆ ತಗಡು 175 ಮಿ.ಮೀ. ಬೇಡ, 169.8 ಸಾಕು. ಈ ಅಂಕಿ ಯಂತ್ರದ ಅಚ್ಚಿಗೂ ಲೋಹಕ್ಕೂ ತಕ್ಕಂತೆ ಬದಲಾಗುವುದರಿಂದ, ಬೆಂಡಿಂಗ್ ಮಾಡುವವರನ್ನೇ ಕೇಳಿ ಅವರ ಅಂಕಿಯನ್ನು ನಕ್ಷೆಗೆ ಹಾಕಿಕೊಳ್ಳಬೇಕು. ತುಂಡು ತಗಡೊಂದನ್ನು ಮಡಿಸಿ ಅಳೆದುಕೊಟ್ಟರಂತೂ ಇನ್ನೂ ಒಳ್ಳೆಯದು. ಅಲ್ಯೂಮಿನಿಯಮ್ಮಿನಲ್ಲಿ 5052 ಮಿಶ್ರಲೋಹ ಮಡಿಕೆಗೆ ಒಗ್ಗುತ್ತದೆ. ಗಟ್ಟಿತನಕ್ಕೆ ಹೆಸರಾದ 6061-ಟಿ6 ಬಿಗಿಯಾದ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಅದನ್ನು ಮಡಿಕೆಯಿಲ್ಲದ ಚಪ್ಪಟೆ ಭಾಗಗಳಿಗೆ ಇಟ್ಟುಕೊಳ್ಳಬೇಕು. ತೂತುಗಳು ಮಡಿಕೆಗೆ ತೀರ ಹತ್ತಿರವಿದ್ದರೆ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತವೆ. ತಗಡಿನ ದಪ್ಪದ ಎರಡರಷ್ಟಕ್ಕೆ ತಿರುವಿನ ತ್ರಿಜ್ಯವನ್ನು ಕೂಡಿಸಿದಷ್ಟು ದೂರವಾದರೂ ಇರಬೇಕು. ನಾಲ್ಕೂ ಕಡೆ ಮುಚ್ಚಿದ ಕೊಳವೆಯಂಥ ಆಕಾರವನ್ನು ಬೆಂಡಿಂಗ್ ಯಂತ್ರದಲ್ಲಿ ಮಾಡಲಾಗುವುದಿಲ್ಲ, ಕೊನೆಯ ಮಡಿಕೆಯ ಹೊತ್ತಿಗೆ ತಗಡು ಅಚ್ಚಿಗೇ ತಾಗುತ್ತದೆ. ಆದ್ದರಿಂದಲೇ ಇಂತಹ ಕ್ಯಾಬಿನೆಟ್ಟುಗಳೆಲ್ಲ ಮೂರು ಬದಿಯ ತೊಟ್ಟಿಗಳೂ ಬಿಡಿ ಹಲಗೆಗಳೂ ಸೇರಿ ಆದವು.

ತಗಡಿಗೆ ಹಣ ಕೊಡುವ ಮೊದಲು ರಟ್ಟಿನಲ್ಲಿ ಪೂರ್ಣ ಅಳತೆಯ ಮಾದರಿ ಮಾಡಿ, ನಿಜವಾದ ಭಾಗಗಳನ್ನೇ ಅದರಲ್ಲಿಟ್ಟು ನೋಡಬೇಕು. ಕೈ ತಲುಪುತ್ತದೆಯೇ, ಕೂಲರಿನ ನಾಲ್ಕನೆಯ ಸ್ಕ್ರೂ ಎಸ್‌ಎಂಪಿಎಸ್‌ನ ಅಡಿಗೆ ಸಿಕ್ಕಿಕೊಂಡಿದೆಯೇ, ಯಾವ ಭಾಗ ಮೊದಲು, ಯಾವುದು ಆಮೇಲೆ ಎಂಬುದು ಪರದೆಗಿಂತ ರಟ್ಟಿನಲ್ಲಿ ಬೇಗ ಗೊತ್ತಾಗುತ್ತದೆ. ಚಿಕ್ಕ ಹಿಡಿಕೆಗಳನ್ನೂ ಕಾಲುಗಳನ್ನೂ ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳಬಹುದು. ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಆದ್ದರಿಂದ ಬಿಸಿ ಗಾಳಿ ತಾಗುವೆಡೆ 80ರವರೆಗೆ ತಾಳುವ ಪಿಇಟಿಜಿ, ಇಲ್ಲವೇ ಎಬಿಎಸ್ ಒಳ್ಳೆಯದು.

ಬಣ್ಣದ ಲೆಕ್ಕವನ್ನೂ ನಕ್ಷೆಯಲ್ಲೇ ಹಾಕಬೇಕು. ಪೌಡರ್ ಕೋಟಿಂಗಿನ ಪದರ ಒಂದು ಬದಿಗೆ 60ರಿಂದ 100 ಮೈಕ್ರಾನ್. ಒಂದರೊಳಗೊಂದು ಜಾರುವ ಎರಡು ಭಾಗಗಳ ನಡುವೆ ಅದು ಎರಡು ಕಡೆಯಿಂದಲೂ ಬರುವುದರಿಂದ 0.2 ಮಿ.ಮೀ.ವರೆಗೆ ನುಂಗಿಹಾಕುತ್ತದೆ, ಎಂ3 (3 ಮಿ.ಮೀ.) ಸ್ಕ್ರೂ ತೂತುಗಳ ಎಳೆಗಳನ್ನು ಮುಚ್ಚದೆ ಕಳಿಸಿದರೆ ಎಳೆ ಕೊರೆಯುವ ಟ್ಯಾಪ್ ಹಿಡಿದು ಒಂದೊಂದನ್ನೂ ಮತ್ತೆ ಬಿಡಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಪೌಡರ್ ಕೋಟಿಂಗೂ ಆನೊಡೈಸಿಂಗಿನ ಪದರವೂ ವಿದ್ಯುತ್ತನ್ನು ಬಿಡುವುದಿಲ್ಲ. ಬಿಡಿಬಿಡಿ ಹಲಗೆಗಳಿಂದ ಕಟ್ಟಿದ ಪೆಟ್ಟಿಗೆಯಲ್ಲಿ ಒಂದು ಹಲಗೆಗೆ ಅರ್ಥ್ ಇದ್ದು ಪಕ್ಕದ್ದಕ್ಕೆ ಇಲ್ಲದಿರುವುದು ಸಂಪೂರ್ಣ ಸಾಧ್ಯ. ಎಸ್‌ಎಂಪಿಎಸ್ ಕೂರುವ ಜಾಗದಲ್ಲೂ ಪ್ರತಿ ಹಲಗೆ ಚೌಕಟ್ಟಿಗೆ ಸೇರುವ ಕನಿಷ್ಠ ಒಂದು ಸ್ಕ್ರೂವಿನ ಅಡಿಯಲ್ಲೂ ಬರಿಯ ಲೋಹ ಬಿಡಬೇಕು. ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಪ್ರತಿಯೊಂದು ಹಲಗೆಗೂ ಸಂಪರ್ಕವಿದೆಯೆಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳದೆ ಸ್ವಿಚ್ ಹಾಕಬಾರದು. ಲೋಹದ ಕ್ಯಾಬಿನೆಟ್ ಮುಟ್ಟಿದಾಗ ಝುಮ್ಮೆನ್ನುವ ಅನುಭವ ನಮ್ಮ ಹಲವು ಮನೆಗಳಲ್ಲಿ ಉಂಟು. ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಹೊರಕವಚಕ್ಕೆ ಪುಟ್ಟ ಕೆಪಾಸಿಟರುಗಳಿರುತ್ತವೆ, ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಾಗ ಅವು ಕವಚವನ್ನು 230 ವೋಲ್ಟಿನ ಸುಮಾರು ಅರ್ಧಕ್ಕೆ ಎತ್ತಿ ನಿಲ್ಲಿಸುತ್ತವೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದರೂ ಅದು ಮನೆಯ ವೈರಿಂಗ್ ಸರಿಯಿಲ್ಲವೆಂಬ ಸುದ್ದಿ. ಅದನ್ನು ಕ್ಯಾಬಿನೆಟ್ಟಿನಲ್ಲಿ ಸರಿಪಡಿಸಲಾಗದು, ಎಲೆಕ್ಟ್ರಿಷಿಯನ್‌ನನ್ನೇ ಕರೆಸಬೇಕು.

ಕೊನೆಯ ಪರೀಕ್ಷೆ ಬಹಳ ಸರಳವಾದುದು. ಪಕ್ಕದ ಹಲಗೆಗಳನ್ನು ತೆಗೆದು, ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಒಟ್ಟಿಗೇ ಪೂರ್ಣ ಹೊರೆ ಕೊಟ್ಟು, ಉಷ್ಣತೆ ಏರುವುದು ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. ಆಮೇಲೆ ಹಲಗೆಗಳನ್ನು ಹಾಕಿ ಅದನ್ನೇ ಮತ್ತೆ ಮಾಡಬೇಕು. ಕೋಣೆಯ ಉಷ್ಣತೆಯನ್ನೂ ಎರಡು ಸಲವೂ ಬರೆದಿಟ್ಟುಕೊಳ್ಳದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ವ್ಯತ್ಯಾಸ ಮೂರು–ನಾಲ್ಕು ಡಿಗ್ರಿಯೊಳಗಿದ್ದರೆ ಜಾಲರಿ ತನ್ನ ಕೆಲಸ ಮಾಡುತ್ತಿದೆ. ಹತ್ತು ದಾಟಿದರೆ ತೂತುಗಳು ಸಾಲವು, ಇಲ್ಲವೇ ಬಿಸಿ ಗಾಳಿ ಹೊರಹೋಗದೆ ಮತ್ತೆ ಒಳಗೇ ಸುತ್ತುತ್ತಿದೆ. ಎರಡನೆಯದನ್ನು ಕಂಡುಹಿಡಿಯಲು ಊದುಬತ್ತಿಯ ಹೊಗೆಯನ್ನು ಜಾಲರಿಯ ಅಂಚಿನಲ್ಲಿ ಹಿಡಿದು ಅದು ಯಾವ ಕಡೆ ಎಳೆದುಕೊಳ್ಳುತ್ತದೆಂದು ನೋಡಿದರೆ ಸಾಕು. ಮತ್ತೆ ತಗಡು ಕತ್ತರಿಸುವ ಮನಸ್ಸಿಲ್ಲದವರು ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ಹತ್ತು–ಹದಿನೈದು ಶೇಕಡಾ ಇಳಿಸಿ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಲಿ. ಇಂದಿನ ಕಾರ್ಡುಗಳು ಆ ಕೊನೆಯ ವ್ಯಾಟ್‌ಗಳಿಂದ ಪಡೆಯುವ ವೇಗ ಅತ್ಯಲ್ಪವಾದ್ದರಿಂದ, ಏಳು ಲೀಟರಿನ ಪೆಟ್ಟಿಗೆಯಲ್ಲಿ ಅವನ್ನು ಬಿಟ್ಟುಕೊಡಲು ನಾನೆಂದೂ ಹಿಂಜರಿದಿಲ್ಲ.